ಲೆಕ್ಕಶೀರ್ಷಿಕೆ: ಇತರೆ

ಹಸಿರಿಗೂ ಒಂದು ಫೈಲು ಬೇಕಾಯಿತು.
ಸ್ಟೋರಿನವರು ಕೊಟ್ಟದ್ದು ನೀಲಿ.
ಕೆಂಪು ದಾರ ಕಟ್ಟಿ ನಾನೇ ಬರೆದೆ:
ಪರಿಸರ ನಿಧಿ. ಆರಂಭದ ಶಿಲ್ಕು, ಇಲ್ಲ.

ಹೊಸ ಕುಲಸಚಿವರು ಕುಶಾಲನಗರಕ್ಕೆ ಬಂದಿಳಿದ ದಿನವೇ
ಫೈಲು ತಿರುವಿ ಕೇಳಿದರು,
"ಇದಕ್ಕೆಲ್ಲ ದುಡ್ಡು ಎಲ್ಲಿಂದ ಬರುತ್ತೆ, ದೇಚವ್ವ?"
ಬಂದವರೆಲ್ಲ ಹೊಳೆಯ ಮೂಲ ಕೇಳುವ ಜಿಲ್ಲೆ ಇದು;
ದುಡ್ಡಿನ ಮೂಲ ಕೇಳಿದವರು ಇವರೇ ಮೊದಲು.

ಹೇಳಿದೆ. ತಲೆಗೆ ಇಪ್ಪತ್ತು ರೂಪಾಯಿ,
ಶುಲ್ಕದ ರಸೀದಿಯ ಕೊನೆಯ ಸಾಲಿನಲ್ಲಿ,
ಪಿನ್ನು ಚುಚ್ಚಿದರೆ ಕಾಣದ ಜಾಗ.
ಸಿಲ್ವರ್ ಓಕಿಗೆ ಹಬ್ಬಿದ ಮೆಣಸು, ಹರಾಜಿನಲ್ಲಿ ಹನ್ನೊಂದು ಸಾವಿರ ಚಿಲ್ಲರೆ
(ಕೊಯ್ದವರ ಕೂಲಿ ಕಳೆದು ಎಷ್ಟೆಂದು ಕೇಳಬೇಡಿ ಸಾರ್).
ಮತ್ತೆ ರದ್ದಿ. ಮೂರು ವರ್ಷ ದಾಟಿದ ಉತ್ತರಪತ್ರಿಕೆ,
ಪರಿಸರ ಅಧ್ಯಯನ, ಕಡ್ಡಾಯ ವಿಷಯ:
ಮರ ಉಳಿಸಿ, ಮರ ಉಳಿಸಿ ಎಂದು
ಸಾವಿರ ಕೈ ಬರೆದ ಕಾಗದ
ಕಿಲೋಗೆ ಹದಿನಾಲ್ಕು.

ಚಾವಣಿಯ ಸೌರ ಫಲಕ ಸಾಲದ್ದು.
ಜೂನಿನಿಂದ ಸೆಪ್ಟೆಂಬರಿನ ತನಕ
ಮೋಡಕ್ಕೆ ಬಡ್ಡಿ ಕಟ್ಟಿದೆವು.
ಆದರೂ ಮಾರ್ಚಿಗೆ ಕರೆಂಟು ಬಿಲ್ಲು ಅರ್ಧ!
ಹಿಗ್ಗಿ ಅಂಕಿ ಕಳಿಸಿದೆ ಬೆಂಗಳೂರಿಗೆ.
ಉತ್ತರ ಬಂತು:
ಖರ್ಚಾಗದ ಹಣ ಮೂವತ್ತೊಂದರೊಳಗೆ ವಾಪಸು,
ಬರುವ ಸಾಲಿಗೆ ಅನುದಾನವೂ ಅರ್ಧ.

ಆಮೇಲೆ ಮೂರು ಸಿಂಡಿಕೇಟ್ ಸಭೆ,
ಎಪ್ಪತ್ತು ಪ್ಲೇಟು ಉಪ್ಪಿಟ್ಟು, ಒಂದು ನಿರ್ಣಯ:
ಉಳಿಸಿದ್ದರಲ್ಲಿ ಮೂರನೇ ಒಂದು ಪಾಲು ನಿಧಿಗೇ ಸೇರತಕ್ಕದ್ದು.
ಅದೇ ವಾರ ಆನೆಕಾಡಿನ ಸಲಗವೊಂದು
ಬೇಲಿ ದಾಟಿ ಬಂದು ಮಳೆನೀರಿನ ಪೈಪು ತುಳಿದು ಹೋಯಿತು.
ನಷ್ಟದ ಕಾಲಮಿನಲ್ಲಿ ಬರೆದೆ: ಆನೆ.
ಆಡಿಟರು ಕೇಳಿದರು, ಪುರಾವೆ?
ಹೆಜ್ಜೆ ತೋರಿಸಿದೆ. ಅದರಲ್ಲಿ ನೀರು ನಿಂತಿತ್ತು,
ನಾವು ಕಟ್ಟಿಸಿದ ಇಂಗುಗುಂಡಿಗಿಂತ ಚೆನ್ನಾಗಿ.

ಇದೆಲ್ಲ ಲೆಕ್ಕಕ್ಕೆ ಸಿಕ್ಕಿತು.
ಸಿಗದದ್ದು ಜೆ.ಕೆ. ಮುತ್ತಿ,
ಬಿ.ಎ. ಎರಡನೇ ಸೆಮಿಸ್ಟರ್, ಹಾಡಿಯ ಹುಡುಗಿ.
ಅವಳ ಹೆಸರಿನೆದುರು ಪೂರ್ತಿ ವಿನಾಯಿತಿ,
ಸರ್ಕಾರವೇ ತುಂಬಿದ ಸೊನ್ನೆಗಳ ಸಾಲು.
ಕಿಟಕಿಯ ಸಂದಿಯಲ್ಲಿ ಹತ್ತರ ಎರಡು ನೋಟು ತಳ್ಳಿ
"ಗಿಡದ ದುಡ್ಡು" ಎಂದಳು.
"ನಿನಗಿಲ್ಲ ಮಗಾ, ಮಾಫಿ."
"ನೆರಳಿಗೆ ನಾನೂ ಕೂರ್ತೀನಲ್ಲ ಮೇಡಂ."
ನಾನು ತಲೆಯಾಡಿಸಿದೆ. ಅವಳು ಹೋಗಲಿಲ್ಲ.
ಹಿಂದಿನ ಸಾಲು ಗೊಣಗಿತು.
"ಕಾಡಿಂದ ಎಬ್ಬಿಸ್ದಾಗ ಅವರ ಪಟ್ಟೀಲಿ ನಮ್ಮನೆ ಹೆಸ್ರು ಇರ್ಲಿಲ್ಲ.
ಇದ್ರಲ್ಲಾದ್ರೂ ಬರ್ಕೊಳಿ."

ಕಂಪ್ಯೂಟರಿಗೆ ಹೊಡೆದೆ. ಪರದೆ ಕೆಂಪಾಯಿತು:
ಪಾವತಿಗೆ ಅರ್ಹರಲ್ಲ.
ಮತ್ತೆ ಹೊಡೆದೆ. ಮತ್ತೆ ಕೆಂಪು.
ಬೀರುವಿನ ತಳದಿಂದ ಹಳೆಯ ರಸೀದಿ ಪುಸ್ತಕ ತೆಗೆದು
ಕಾರ್ಬನ್ ಇಟ್ಟು ಒತ್ತಿ ಬರೆದೆ, ಮೂರನೇ ಪ್ರತಿಗೂ ಮೂಡುವಂತೆ:
ಜೆ.ಕೆ. ಮುತ್ತಿ. ಇಪ್ಪತ್ತು ಮಾತ್ರ.
ಲೆಕ್ಕಶೀರ್ಷಿಕೆ: ಇತರೆ.

ವರ್ಷದ ಕೊನೆಗೆ ಆಕ್ಷೇಪಣೆ ಬಂದಿದೆ:
ತಂತ್ರಾಂಶಕ್ಕೂ ನಗದಿಗೂ ಇಪ್ಪತ್ತು ರೂಪಾಯಿ ವ್ಯತ್ಯಾಸ,
ಏಳು ದಿನದಲ್ಲಿ ಸಮಜಾಯಿಷಿ ಕೊಡಿ.
ಇಂದು ಐದನೆಯ ದಿನ.

ನರ್ಸರಿಯಲ್ಲಿ ನೇರಳೆ ಸಸಿ ಒಂದಕ್ಕೆ ಹದಿನೆಂಟು.
ಗ್ರಂಥಾಲಯದ ಹಿಂದೆ ನೆಟ್ಟಿದೆ, ಮೂರೆಲೆ ಬಿಟ್ಟಿದೆ.
ವೋಚರು ಲಗತ್ತಿಸಿದ್ದೇನೆ.
ಮಿಕ್ಕ ಎರಡು ರೂಪಾಯಿ ನನ್ನ ಡ್ರಾಯರಿನಲ್ಲಿದೆ.
ನೀಲಿ ಫೈಲು ತೆಗೆದು ಹಳೆಯ 'ಇಲ್ಲ' ಹೊಡೆದುಹಾಕಿ,
ಪಕ್ಕದಲ್ಲಿ ಪೆನ್ಸಿಲಿನಲ್ಲಿ, ಸದ್ಯಕ್ಕೆ ಪೆನ್ಸಿಲಿನಲ್ಲಿ,
ಆರಂಭದ ಶಿಲ್ಕು ಬರೆದಿದ್ದೇನೆ.