ಹಿಂಜಗುಲಿ ನಲವತ್ತಾರು

ಬೈತಖೋಲ ಬಂದರು, ಐಸ್ ಫ್ಯಾಕ್ಟರಿಯ ಮಾಳಿಗೆ.
ನಾಲ್ಕನೆಯ ರಾತ್ರಿ.
ಕೆಳಗೆ ಮಂಜುಗಡ್ಡೆ ಒಡೆಯುವ ಸದ್ದು,
ಮೇಜಿನ ಮೇಲೆ ‘ಸಾತೇರಿ ಪ್ರಸಾದ’ ಬೋಟಿನ ಮೀನು ತೋರುವ ಪೆಟ್ಟಿಗೆ,
ಹೊಟ್ಟೆ ಸೀಳಿದ ಬಂಗ್ಡೆಯ ಹಾಗೆ.

ಹಳೇ ಪರದೆ ಉಪ್ಪು ತಿಂದು ಸತ್ತಿತ್ತು.
ಇದು ಗುಜರಿಯದು, ಏಳಿಂಚು, ಚೀಟಿಯೂ ಇಲ್ಲ.
ನೂರಿಪ್ಪತ್ತೆಂಟು ಬೈಟಿನಲ್ಲಿ ಊರು ಹೆಸರು ಹೇಳಬೇಕಾದದ್ದು
ಕೇಳಿದಷ್ಟು ಸಲವೂ ಸುಮ್ಮನಿತ್ತು.
ಕರ್ನಲ್ ಒಂದೇ ಸಾಲು ಬರೆಯಿತು:
ಮೈನಸ್ ನೂರಾ ಹತ್ತು.
ಅಂದರೆ, ಕಾದೆ, ಬರಲಿಲ್ಲ.
ಈ ಬಂದರಿನಲ್ಲಿ ಆ ಮಾತಿಗೆ ಅಂಕಿ ಬೇಕಿರಲಿಲ್ಲ.

ಹಿಂದಿನ ದೀಪ ಮಾತ್ರ ಹೊತ್ತಿತ್ತು.
ದೀಪ ಬೇರೆ, ಚಿತ್ರ ಬೇರೆ,
ಶಾಲಿನಿ ಗಿರಪಳಿಗೆ ಇದನ್ನು ಹೇಗೆ ತಿಳಿಸಲಿ?
“ಬೆಳಕು ಬಂದದಲ್ಲೇ, ಮತ್ತೆಂತಾ ಬೇಕು?”
ಬೋಟಿನ ಒಡತಿ, ಡೀಸೆಲ್ ಚೀಟಿ ಹಿಡಿದು
ಸಂಜೆ ಬಾಗಿಲಲ್ಲೇ ನಿಂತು ಕೇಳಿ ಹೋಗಿದ್ದಳು.

ಇದರ ದಾಯಾದಿ ಪರದೆಯೊಂದರ ಕೈಪಿಡಿಯಲ್ಲಿ ಒಂದು ಕೋಷ್ಟಕ.
ಪ್ರತಿ ಸಾಲಿಗೂ ಮುಂದೊಂದು ಜಗುಲಿ, ಹಿಂದೊಂದು ಜಗುಲಿ.
ಹಾಗೇ ಬರೆದಿದ್ದಾರೆ, ಜಗುಲಿ ಅಂತಲೇ.
ಯಾರೂ ಕೂರದ, ಚಿತ್ರವಿರದ ಹೊತ್ತಿನ ಅಳತೆ.
ಎಂಟುನೂರು ಚುಕ್ಕೆ ಹಚ್ಚಿದ್ದಕ್ಕೆ
ಇನ್ನೂರೈವತ್ತಾರು ಚುಕ್ಕೆಯಷ್ಟು ಸುಮ್ಮನಿರಬೇಕಂತೆ.
ನಾನು ಜಿಪುಣಿ. ಎರಡೂ ಕಡೆ ಸೊನ್ನೆ ಬರೆದೆ.

ಕತ್ತಲು.

ಪುರ್ಸೊ ಉಳ್ವೇಕರ ಮೆಟ್ಟಿಲೇರಿ ಬಂದ, ರಾತ್ರಿ ಕಾವಲಿನವ, ಎಂಬತ್ತು ದಾಟಿದೆ.
ಕಾಳಿಗೆ ಸೇತುವೆ ಬರುವ ಮುಂಚೆ
ಕೋಡಿಬಾಗದಿಂದ ಸದಾಶಿವಗಡಕ್ಕೆ ತಾರಿ ಹಾಕಿದವ.
ಎಂತಾ ಬರೀತೆ ಅಂದ. ಹೇಳಿದೆ:
ಸಾಲು ಎಡದಿಂದ ಬಲಕ್ಕೆ ಹೋಗ್ತದೆ, ಖಾಲಿ ವಾಪಸ್ ಬರ್ತದೆ.
“ಸಂತೆ ಸಂಜೆ ನಂದೂ ಹಾಗೇ ಇತ್ತು.
ಜನ ಎಲ್ಲಾ ಆಚೆಗೆ, ಬರೂಕೆ ಯಾರೂ ಇಲ್ಲ.
ಖಾಲಿ ತಾರಿಗೂ ಹುಟ್ಟು ಹಾಕಲೇಬೇಕು, ತೋಳಿನ ನೋವು ಅದೇ.
ಗುತ್ತಿಗೆದಾರ ಅದಕ್ಕೆ ಕಾಸು ಕೊಡಲಿಲ್ಲ ನೋಡು.”
ಆ ಸತ್ತ ಗುತ್ತಿಗೆದಾರನನ್ನು ಐದು ನಿಮಿಷ
ಕೊಂಕಣಿಯಲ್ಲಿ ಬೈದು, ಬೀಡಿ ಹಚ್ಚಿ, ಇಳಿದು ಹೋದ.

ಈ ಗಾಜಿನೊಳಗೆ ಮರಳಬೇಕಾದ ಕಿರಣವೇ ಇಲ್ಲ.
ಅದು ಕೊಳವೆ ಟೀವಿಗಳ ಕಾಲದ್ದು, ಎಂದೋ ಆರಿತು.
ಆದರೂ ಅದು ಮರಳುವಷ್ಟು ಹೊತ್ತು ಇದು ಕಾಯುತ್ತದೆ,
ಸೆಕೆಂಡಿಗೆ ಮೂವತ್ತೊಂದು ಸಾವಿರದೈನೂರು ಸಲ,
ತಾರಿ ನಿಂತ ಮೇಲೂ ಕಟ್ಟೆಯ ಮೆಟ್ಟಿಲು
ನೀರಿಗಿಳಿದೇ ಇರುವ ಹಾಗೆ.

ಮುಂಜಗುಲಿ ಇನ್ನೂರ ಹತ್ತು.
ಹಿಂಜಗುಲಿ, ಅಂದಾಜಿಗೆ, ಮೂವತ್ತು.
ಬಂತು!
ಎಡದಲ್ಲಿ ಹದಿನಾರು ಚುಕ್ಕೆ ಕತ್ತರಿಸಿಕೊಂಡು,
ಕೆಂಪು ನೀಲಿ ಅದಲುಬದಲಾಗಿ.
ಮೂರೂವರೆಗೆ ಬಂದ ಶಾಲಿನಿ ಹೌಹಾರಿದಳು,
“ಇದೆಂತಾ, ರಕ್ತದಲ್ಲಿ ಬಲೆ ಬಿಡಬೇಕೇನೇ?”
ಬಣ್ಣದ ಸಾಲು ತಿರುಗಿಸಿದೆ. ಕಡಲು ನೀಲಿಯಾಯಿತು.
ಮೂವತ್ತನ್ನು ಅಳಿಸಿ ನಲವತ್ತಾರು ಬರೆದೆ.
ಎಡದ ದಡ ಕಂಡಿತು.

ಇನ್ನೂ ಚಿತ್ರ ನಡುವೆ ಹರಿಯುತ್ತಿತ್ತು,
ಮೇಲರ್ಧ ಹಳೇ ಕಡಲು, ಕೆಳಗರ್ಧ ಹೊಸದು,
ಮೀನಿನ ಬೆನ್ನು ಒಂದು ಕಡೆ, ಹೊಟ್ಟೆ ಇನ್ನೊಂದು ಕಡೆ.
ಮರೆಯಲ್ಲಿ ಎರಡನೇ ಹಾಳೆ ಬರೆದಿಟ್ಟುಕೋ,
ಖಾಲಿ ತಾರಿ ಬರುವಾಗ ಬದಲಿಸು.
ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಉಪಾಯ,
ನನಗೆ ಇವತ್ತು ಪುರ್ಸೊನ ಬೀಡಿ ವಾಸನೆಯೊಂದಿಗೆ ಹೊಳೆಯಿತು.

ಆ ಎರಡು ಅಂಕಿಗಳ ಮೇಲೆ ಟಿಪ್ಪಣಿ ಬರೆದೆ:
ಇಲ್ಲಿ ಸೊನ್ನೆ ಹಾಕಬೇಡಿ. ಖಾಲಿ ಬರುವುದಕ್ಕೂ ಕೂಲಿ ಇದೆ.

ಬೋಟು ಹೊರಡುವ ಮುಂಚೆ ಶಾಲಿನಿ
ಒದ್ದೆ ನೋಟು ಎಣಿಸಿದಳು, ಮೂರು ರಾತ್ರಿಯದು.
“ಮೊದಲ ರಾತ್ರಿ ಎಂತದೂ ಕಾಣಲೇ ಇಲ್ಲವಲ್ಲೇ.”