ಕುದುರೆಯ ಮೇಲಿನ ಬೆರಳು

ಆಂಟಿಗೋ ಊರಾಚೆ, ಗಡ್ಡೆ ಕಿತ್ತು ಮುಗಿದ ಆಲೂ ಹೊಲದಂಚಿಗೆ
ಮೇಪಲ್ ಮರಕ್ಕೆ ಬಿಗಿದ ಅಟ್ಟಣೆ.
ನಾನು, ಅಕ್ಕನ ಮಗಳು ಸಿಗ್ನೆ,
ನಡುವೆ ಒಂದು ಫ್ಲಾಸ್ಕು ಕಾಫಿ.
ಅವಳಜ್ಜನ ಕೋವಿ, ಹದಿಮೂರರ ಭುಜಕ್ಕೆ ತುಸು ಉದ್ದ.

ಜಿಂಕೆ ಬಂತು. ಅರವತ್ತು ಗಜ. ಪಕ್ಕೆ ತೋರಿ ನಿಂತಿತು,
ಕಲಿಸುವ ಪುಸ್ತಕದಲ್ಲಿ ಎದೆಗೆ ಕೆಂಪು ಚುಕ್ಕಿ ಇಟ್ಟಿರುತ್ತಾರಲ್ಲ, ಹಾಗೆ.
ಗಾಳಿ ಅದರಿಂದ ನಮ್ಮತ್ತ.
ಬೆರಳು ಕುದುರೆಯ ಮೇಲಿತ್ತು.
ಕುದುರೆ ಕದಲಲಿಲ್ಲ.

ಅವಳ ಉಸಿರು ಕೋವಿಯ ಗಾಜಿನ ಮೇಲೆ
ಮಂಜಾಗಿ ಕೂತಿತು, ಕರಗಿತು, ಮತ್ತೆ ಕೂತಿತು.
‘ಈಗ’ ಎಂದೆ, ತುಟಿಯಲ್ಲಷ್ಟೇ.
ಜಿಂಕೆ ಹೊಲ ದಾಟಿ ಬೇಲಿ ಹಾರಿತು.

ಸಂಜೆ ಬಾರಿನಲ್ಲಿ ಎಲ್ಲರ ಬಳಿಯೂ ಕಾರಣವಿತ್ತು.
ಕೋವಿ ಒದೆಯುವ ಭಯ, ಎಂದ ಡೆಲ್ಬರ್ಟ್.
ಅಲ್ಲ, ಗುರಿ ತಪ್ಪೀತೆಂಬ ಭಯ.
ತಪ್ಪದೇ ಹೋದೀತೆಂಬ ಭಯ ಕಣ್ರೋ, ಎಂದಳು
ಗ್ಲಾಸು ಒರೆಸುತ್ತಿದ್ದ ಅವನ ಹೆಂಡತಿ.

ಸಿಗ್ನೆ ಕರಿದ ಚೀಸು ತಿನ್ನುತ್ತ,
“ಅದು ಹಿಂಗಾಲೆತ್ತಿ ಕಿವಿ ತುರಿಸಿಕೊಳ್ಳುತ್ತಿತ್ತು.
ಮುಗಿಯಲಿ ಅಂತ ಕಾದೆ.
ಮುಗಿದ ಮೇಲೆ ಅದಕ್ಕೆ ಎಷ್ಟು ಹಾಯೆನಿಸಿತು ಅಂದರೆ...”
ಬಾಯಿಗೆ ಇನ್ನೊಂದು ತುಂಡು. ಮಾತು ಅಲ್ಲಿಗೇ.

ನಾನು ಕಂಡದ್ದು ಬರೀ ಪಕ್ಕೆ.

ನಲವತ್ತು ವರ್ಷದ ಹಿಂದೆ ಇದೇ ಹೊಲದಲ್ಲಿ
ನಾನು ತಡಮಾಡಿರಲಿಲ್ಲ. ಒಂದೇ ಈಡು. ಬೆನ್ನು ತಟ್ಟಿದರು.
ಆ ಕೋಡು ಇಂದಿಗೂ ಈ ಬಾರಿನ ಗೋಡೆಯಲ್ಲಿದೆ,
ಯಾರದೋ ಟೋಪಿ ತೂಗುತ್ತಿದೆ.
ಕಣ್ಣು ಮುಚ್ಚಿಕೊಂಡಿದ್ದೆ.

ಅದನ್ನು ಇವತ್ತೂ ಹೇಳಲಿಲ್ಲ.
ಅವಳ ತಟ್ಟೆಯಿಂದ ಒಂದು ತುಂಡು ಕದ್ದೆ, ಅಷ್ಟೇ.