ಒಂದೇ ಕಡೆಗೆ ತಿರುಗುವ ಬಳೆ

ಕಾಸ್ತ್ರೊ ಪೇಟೆಯ ಅಂಗಡಿಯಲ್ಲಿ ಬಾಲ್ತಸಾರ
ಮೊದಲು ತೋರಿಸಿದ್ದು ಬಂಗಾರದ ಬಣ್ಣದ್ದು.
ಹೆಂಗಸರ ಕೈಗೆ ಒಪ್ಪುತ್ತದೆ ಎಂದ.
ನನ್ನ ಕೈ ನೋಡಯ್ಯಾ ಅಂದೆ:
ಹಗ್ಗ ಎಳೆದೂ ಎಳೆದೂ ಹಗ್ಗವೇ ಆದ ಕೈ,
ಉಗುರಿನ ಸಂದಿಯಲ್ಲಿ ಡೀಸೆಲ್ಲು,
ಅಂಗೈಯೊಳಗೆ ಮುರಿದು ಕೂತ ಕಡಲ ಮುಳ್ಳು.
ಇದಕ್ಕೆ ಒಪ್ಪುವುದನ್ನು ಕೊಡು.

ಆಮೇಲೆ ಮೀನಿನ ಕಿವಿರು ಎತ್ತಿ ನೋಡುವವಳ ಹಾಗೆ
ಒಂದೊಂದೇ ಕೇಳಿದೆ.
ಮಂಜಿನಲ್ಲಿ ಅಂಕಿ ಕಾಣುತ್ತದೆಯೇ?
ಗಾಜು ದೋಣಿಯಂಚಿಗೆ ಬಡಿದರೆ?
ಬೆಲ್ಟಿನ ಕಡ್ಡಿ ಕಳಚಿದರೆ ಇಲ್ಲೇ ಸಿಗುತ್ತದೆಯೇ,
ಸಾಂತಿಯಾಗೋದಿಂದ ಬರಬೇಕೇ?
ಇನ್ನೂರು ಮೀಟರ್ ಎಂದು ಬರೆದಿದೆ,
ಅಷ್ಟು ಆಳದಲ್ಲಿ ನನಗೇನೂ ಕೆಲಸವಿಲ್ಲ.
ನಾನು ಮೇಲೆ ಇರುವವಳು.
ಆದರೆ ನಮ್ಮ ಕೆಯೋನಿನ ಮಳೆಯ ಆಳವನ್ನು
ಯಾರೂ ಅಳೆದಿಲ್ಲವಲ್ಲ.

ಕೊನೆಗೆ ಇದು. ಸ್ಟೀಲಿನ ಮೈ, ಕರಿ ರಬ್ಬರಿನ ಬೆಲ್ಟು,
ಮುಖದ ಸುತ್ತ ಹಲ್ಲುಹಲ್ಲಿನ ಒಂದು ಬಳೆ.
ಎಡಕ್ಕೆ ತಿರುಗಿಸಿದರೆ ಟಿಕ್ಕು ಟಿಕ್ಕೆಂದು ಬರುತ್ತದೆ,
ಬಲಕ್ಕೆ ಎಷ್ಟು ಹಟ ಮಾಡಿದರೂ ಇಲ್ಲ.
ಕೆಟ್ಟಿದೆಯೇನೋ ಅಂದೆ.
ಬಾಲ್ತಸಾರ ಮೊದಲ ಸಲ ನಕ್ಕ.

ರೋಸಮೆಲ್ ಇಳಿಯುತ್ತಾನೆ.
ಹಳದಿ ಕೊಳವೆ ಸುರುಳಿ ಬಿಚ್ಚಿಕೊಂಡು ಅವನ ಹಿಂದೆ.
ಕಂಪ್ರೆಸರು ಕೆಮ್ಮುತ್ತ ಕೆಮ್ಮುತ್ತ
ಅವನಿಗೆ ಉಸಿರು ಕಳಿಸುತ್ತದೆ.
ಬಳೆಯ ಚುಕ್ಕಿಯನ್ನು ದೊಡ್ಡ ಮುಳ್ಳಿನ ಎದುರು ನಿಲ್ಲಿಸುತ್ತೇನೆ.
ಅಲ್ಲಿಂದ ನಲವತ್ತು ನಿಮಿಷ
ನನಗೆ ಗಂಡನೆಂದರೆ ಬರೀ ಗುಳ್ಳೆಗಳು.

ಅಪ್ಪನ ಕಾಲದಲ್ಲಿ ಹೊತ್ತು ಅಳೆದದ್ದು ಸಿಗರೇಟಿನಲ್ಲಿ.
ದೋಣಿಯವನು ನಾಲ್ಕು ಸೇದುವವರೆಗೆ ಕೆಳಗೆ.
ಒಂದು ದಿನ ಬೆಂಕಿಪೊಟ್ಟಣ ನೆನೆದಿತ್ತು.
ಅಪ್ಪ ಈಗ ಮೀನುಪೇಟೆಯಲ್ಲಿ
ಕೂತೇ ಮುಳ್ಳುಚಿಪ್ಪು ಒಡೆಯುತ್ತಾನೆ,
ಗಿರಾಕಿ ಯಾರೇ ಬರಲಿ, ಏಳುವುದಿಲ್ಲ.

ಆಗಸ್ಟಿನಲ್ಲಿ ಬುಟ್ಟಿ ಎಳೆಯುವಾಗ
ಮಣಿಕಟ್ಟು ಕಬ್ಬಿಣದ ಗೂಟಕ್ಕೆ ತಾಗಿತು.
ಬಳೆ ಸರಿದದ್ದು ತಿಳಿಯಲಿಲ್ಲ.
ಚುಕ್ಕಿ ಹಿಂದೆ ಜಾರಿತು, ನಲವತ್ತು ಬೇಗ ಬಂತು.
ಕೊಳವೆಯನ್ನು ಮೂರು ಸಲ ಜಗ್ಗಿದೆ.
ಅರ್ಧ ಬುಟ್ಟಿಯೊಂದಿಗೆ ಮೇಲೆ ಬಂದ,
ಮುಖವಾಡ ಕಿತ್ತು ನನ್ನ ಕುಲಗೋತ್ರವನ್ನೆಲ್ಲ ಜಾಲಾಡಿದ,
ಒಂಬತ್ತು ನಿಮಿಷದ ಕಳ್ಳಿ ಎಂದ.
ಬೈಯಲಿ.
ಬೈಗುಳಕ್ಕೂ ಉಸಿರು ಬೇಕು.

ಸಂಜೆ ಎನಾಮಲ್ ಬಟ್ಟಲಲ್ಲಿ ಸಿಹಿನೀರು.
ಅದಕ್ಕೂ ಮುಂಚೆ ಪಕ್ಕದ ಗುಂಡಿಯ ಕಿವಿ ಹಿಂಡಬೇಕು,
ಬಿಗಿಯಾಗಿ, ತುಂಟ ಹುಡುಗನ ಕಿವಿಯ ಹಾಗೆ.
ಮಗನ ಹಳೆಯ ಬ್ರಷ್ಷಿನಿಂದ
ಬಳೆಯಡಿಯ ಉಪ್ಪು ತೆಗೆಯಬೇಕು, ಮರಳು ತೆಗೆಯಬೇಕು.
ಒಲೆಯ ಬಳಿ ಒಣಗಿಸಬಾರದು,
ಒಳಗಿನ ರಬ್ಬರುಂಗುರಕ್ಕೆ ಬೇಗ ಮುಪ್ಪು ಬರುತ್ತದೆ.
ಎರಡು ವರ್ಷಕ್ಕೊಮ್ಮೆ ಬಾಲ್ತಸಾರ ಅದನ್ನು ಬದಲಿಸುತ್ತಾನೆ,
ಹಾಗೇ ನನ್ನ ಅಂಗೈಯ ಮುಳ್ಳನ್ನೂ
ಗಡಿಯಾರದ ಚಿಮಟದಲ್ಲೇ ಕೀಳುತ್ತಾನೆ, ಅದಕ್ಕೆ ಕಾಸಿಲ್ಲ.
ಗಾಜಿನ ಮೇಲಿನ ಗೀರುಗಳನ್ನು ಮಾತ್ರ
ಹಾಗೇ ಬಿಡು ಅಂದಿದ್ದೇನೆ.

ನಿನ್ನೆ ರಾತ್ರಿ ನಾನು ಮಲಗಿದೆನೆಂದುಕೊಂಡು
ರೋಸಮೆಲ್ ದೀಪದಡಿ ಕೂತು
ಬಳೆಯನ್ನು ಬಲಕ್ಕೆ ತಿರುಗಿಸಿ ನೋಡುತ್ತಿದ್ದ.
ಅದು ಜಗ್ಗಲಿಲ್ಲ.
ಇನ್ನೊಮ್ಮೆ ನೋಡಿದ.
ಆಮೇಲೆ ಎದ್ದು ಹೋಗಿ
ಬಟ್ಟಲಿನ ನೀರು ಬದಲಿಸಿದ.